ಒಡೆದ ಕಾರ್ ಗ್ಲಾಸು: 9,500ರ ಎಸ್ಟಿಮೇಟ್‌ನಲ್ಲಿ ಬೇಕಾದ್ದೆಷ್ಟು, ಬೇಡದ್ದೆಷ್ಟು?

ಪ್ರಶ್ನೆ: ನಮ್ಮದು 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಇಂಜಿನ್. ಹೋದ ಶನಿವಾರ ಸಂಜೆ ಜಯನಗರ 4ನೇ ಬ್ಲಾಕ್ ಹತ್ತಿರ ರಸ್ತೆ ಬದಿ ನಿಲ್ಲಿಸಿ, ಮುಕ್ಕಾಲು ಗಂಟೆಯಲ್ಲಿ ವಾಪಸ್ ಬರುವಷ್ಟರಲ್ಲಿ ಎಡಗಡೆ ಹಿಂಬಾಗಿಲಿನ ಗ್ಲಾಸ್ ಪುಡಿಯಾಗಿತ್ತು. ಸೀಟಿನ ಮೇಲಿದ್ದ ಲ್ಯಾಪ್‌ಟಾಪ್ ಬ್ಯಾಗ್ ಇರಲಿಲ್ಲ. ಲ್ಯಾಪ್‌ಟಾಪ್ ಆಫೀಸಿನದು. ಅಲಾರಂ ಕೂಗಿದ್ದನ್ನು ಅಕ್ಕಪಕ್ಕದ ಅಂಗಡಿಯವರು ಯಾರೂ ಕೇಳಿಲ್ಲ. ಆನ್‌ಲೈನ್‌ನಲ್ಲಿ ಇ-ಲಾಸ್ಟ್ ರಿಪೋರ್ಟ್ ಮಾಡಿದ್ದೇನೆ. ಮನೆ ಹತ್ತಿರದ ಗ್ಯಾರೇಜಿನವರು ಗ್ಲಾಸ್, ಗ್ಲಾಸ್ ಏರಿಸಿ ಇಳಿಸುವ ಮಷೀನ್, ಡೋರ್ ಪ್ಯಾಡ್ (ಬಾಗಿಲಿನ ಒಳಮೈಯ ಹೊದಿಕೆ) ಎಲ್ಲ ಸೇರಿ 9,500 ರೂಪಾಯಿ ಅಂದರು. ಇನ್ಶೂರೆನ್ಸ್ ಏಜೆಂಟ್ ಕ್ಲೇಮ್ ಮಾಡಿ ಅನ್ನುತ್ತಾರೆ. ನನ್ನ ನೋ ಕ್ಲೇಮ್ ಬೋನಸ್ (ಎನ್‌ಸಿಬಿ, ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಈಗ 45 ಪರ್ಸೆಂಟ್. ನಮ್ಮ ಭಾವ 'ಗಾಜೇ ಬೇಡ, ಒಡೆಯದ ಪಾಲಿಕಾರ್ಬೊನೇಟ್ ಶೀಟ್ ಹಾಕಿಸು' ಅನ್ನುತ್ತಾರೆ. ಇಷ್ಟು ಸುಲಭವಾಗಿ ಒಡೆದಿದೆ ಅಂದರೆ ಕಾರಿಗೆ ಬಂದಿದ್ದ ಗ್ಲಾಸೇ ಡೂಪ್ಲಿಕೇಟ್ ಇರಬಹುದೇ? ಆ ಸೀಟಿನಲ್ಲಿ ನಾಲ್ಕು ವರ್ಷದ ಮಗಳು ಕೂರುತ್ತಾಳೆ. ಎರಡು ಸಲ ವ್ಯಾಕ್ಯೂಮ್ ಮಾಡಿದರೂ ಚೂರು ಸಿಗುತ್ತಲೇ ಇದೆ. ಸದ್ಯಕ್ಕೆ ಪ್ಲಾಸ್ಟಿಕ್ ಕವರ್ ಅಂಟಿಸಿ ಓಡಿಸುತ್ತಿದ್ದೇನೆ. ಮಳೆ ಬೇರೆ ಶುರುವಾಗಿದೆ.

ಉತ್ತರ: ಮೊದಲು ಒಂದು ಮಾತು. ಆ ಕಿಟಕಿಯ ಸ್ವಿಚ್ಚನ್ನು ಇನ್ನು ಯಾರೂ ಮುಟ್ಟಬಾರದು, ಹಿಂಬಾಗಿಲಲ್ಲಿರುವುದನ್ನೂ ಡ್ರೈವರ್ ಬಾಗಿಲಲ್ಲಿರುವುದನ್ನೂ. ವಿಂಡೋ ಲಾಕ್ ಗುಂಡಿ ಒತ್ತಿಟ್ಟರೆ ಹಿಂದಿನ ಸ್ವಿಚ್ ಮಾತ್ರ ನಿಲ್ಲುತ್ತದೆ, ಡ್ರೈವರ್ ಸ್ವಿಚ್ ಬಹುತೇಕ ಕಾರುಗಳಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ಬಾಗಿಲೊಳಗಿನ ಗ್ಲಾಸ್ ಮಷೀನ್ ಈಗ ಸರಿಯಿರುವ ಸಾಧ್ಯತೆಯೇ ಹೆಚ್ಚು. ಚೂರು ತುಂಬಿರುವಾಗ ಅದನ್ನು ಓಡಿಸಿದರೆ ಗಾಜು ಕೇಬಲ್ಲಿನ ದಾರಿಗೋ ಗೇರಿನ ಹಲ್ಲುಗಳಿಗೋ ಸಿಕ್ಕಿ ಅದೂ ಕೆಡುತ್ತದೆ. ಆಗ ನಿಮ್ಮ ಗ್ಯಾರೇಜಿನವರ ಎಸ್ಟಿಮೇಟ್ ನಿಜವಾಗಿಬಿಡುತ್ತದೆ.

ನಿಮ್ಮ ಪತ್ರದಲ್ಲಿ ದುಡ್ಡಿನ ಚಿಂತೆ ಒಂದು, ಮಗುವಿನ ಚಿಂತೆ ಇನ್ನೊಂದು. ಎರಡಕ್ಕೂ ಮೂಲ ಒಂದೇ. ಹೊಸ ಗ್ಲಾಸ್ ಕೂರಿಸುವುದು ಕೈ ಪಳಗಿದವರಿಗೆ ಒಂದು ಗಂಟೆಯೊಳಗಿನ ಕೆಲಸ. ಒಡೆದ ಗ್ಲಾಸನ್ನು ಪೂರ್ತಿ ಹೊರಗೆ ತೆಗೆಯುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಅದನ್ನು ಮಾತ್ರ ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ. ಬಿಲ್ಲಿನಲ್ಲಿಲ್ಲದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆರು ತಿಂಗಳ ಮೇಲೆ ಬರುವ ಗೀರು, ಗಡಗಡ ಸದ್ದು, ಬಾಗಿಲಿನ ತುಕ್ಕು ಎಲ್ಲದರ ಬೇರು ಅಲ್ಲಿದೆ.

ನಿಮ್ಮ ಗ್ಲಾಸ್ ಡೂಪ್ಲಿಕೇಟ್ ಅಲ್ಲ

ಬಾಗಿಲಿನ ಗಾಜು ಟಫನ್ಡ್ ಗಾಜು. ಬೇಕಾದ ಆಕಾರಕ್ಕೆ ಕತ್ತರಿಸಿ, ತೂತು ಕೊರೆದು, ಅಂಚು ಉಜ್ಜಿ ಮುಗಿಸಿದ ಮೇಲೆ ಅದನ್ನು 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸುತ್ತಾರೆ, ಆಮೇಲೆ ಎರಡೂ ಕಡೆಯಿಂದ ಜೋರಾಗಿ ಗಾಳಿ ಹಾಯಿಸಿ ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಭಾಗ ನಿಧಾನಕ್ಕೆ ತಣಿದು ಕುಗ್ಗಲು ನೋಡುತ್ತದೆ. ಹಾಗಾಗಿ ಹೊರಪದರ ಸದಾ ಒತ್ತಡದಲ್ಲಿ, ಒಳಪದರ ಸದಾ ಎಳೆತದಲ್ಲಿ ಇರುತ್ತದೆ. ಅಂಗೈಯಿಂದ ಗುದ್ದಿದರೆ, ಮೊಣಕೈಯಿಂದ ಹೊಡೆದರೆ ಪೆಟ್ಟು ಅಗಲಕ್ಕೆ ಹಂಚಿಹೋಗುತ್ತದೆ, ಗಾಜು ತಡೆದುಕೊಳ್ಳುತ್ತದೆ. ಸೂಜಿಮೊನೆಯಷ್ಟು ಜಾಗದಲ್ಲಿ ಹೊರಪದರ ತೂತಾದರೆ ಮಾತ್ರ ಒಳಗಿನ ಎಳೆತ ಒಮ್ಮೆಲೇ ಬಿಡುಗಡೆಯಾಗಿ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಚೂರಾಗುತ್ತದೆ.

ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಕದಿಯುವವರು ರಬ್ಬರ್ ಕವಣೆಯಿಂದ ಬಾಲ್ ಬೇರಿಂಗ್ ಗುಂಡು ಹೊಡೆಯುವುದು ಇದಕ್ಕೇ. ಒಡೆದ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿ ಚೂರೂ ಅದೇ ಕೆಲಸ ಮಾಡುತ್ತದೆ, ಗಾಜಿಗಿಂತ ಅದು ಗಟ್ಟಿ, ಮೊನೆಯೂ ಚೂಪು. ಸದ್ದು ಹೆಚ್ಚಿಲ್ಲ. ಹೀಗೆ ಒಡೆದದ್ದು ಗಾಜಿನ ದೋಷವಲ್ಲ. ಅಪಘಾತವಾದಾಗ, ಕಾರು ನೀರಿಗೆ ಬಿದ್ದಾಗ ಒಳಗಿದ್ದವರು ಹೊರಬರಲು ದಾರಿಯಾಗಲಿ, ಒಡೆದದ್ದು ಕತ್ತಿಯಂತೆ ಸೀಳದಿರಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ.

ಅಲಾರಂ ಕೂಗಲಿಲ್ಲ ಎಂಬುದಕ್ಕೂ ಉತ್ತರ ಸರಳ. ಕಾರಿನೊಂದಿಗೆ ಬರುವ ಸಾಮಾನ್ಯ ಅಲಾರಂ ಬಾಗಿಲು, ಡಿಕ್ಕಿ ಅಥವಾ ಬಾನೆಟ್ ತೆರೆದರೆ ಮಾತ್ರ ಎಚ್ಚರಾಗುತ್ತದೆ. ಕಳ್ಳ ಬಾಗಿಲು ತೆರೆಯುವುದಿಲ್ಲ, ಒಡೆದ ಕಿಟಕಿಯಿಂದ ಕೈ ಹಾಕಿ ಬ್ಯಾಗ್ ಎಳೆದುಕೊಂಡು ಹೋಗುತ್ತಾನೆ. ಹೊಡೆತಕ್ಕೆ ಸ್ಪಂದಿಸುವ ಶಾಕ್ ಸೆನ್ಸರ್ ಇದ್ದರೆ ಕೂಗುತ್ತದೆ. ಆದರೆ ಅದನ್ನು ಸೂಕ್ಷ್ಮವಾಗಿ ಇಟ್ಟರೆ ಪಕ್ಕದಲ್ಲಿ ಬುಲೆಟ್ ಹೋದಾಗಲೂ ಕೂಗಿ, ಒಂದು ವಾರದಲ್ಲಿ ನೀವೇ ಅದನ್ನು ಆಫ್ ಮಾಡಿಸುತ್ತೀರಿ.

ಇ-ಲಾಸ್ಟ್ ಸಾಲದು

ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತುವಿಗೆ. ನಿಮ್ಮದು ಕಳೆದದ್ದಲ್ಲ, ಕಳವಾದದ್ದು. ಆ ಚೀಟಿ ಹಿಡಿದು ಹೋದರೆ ನಿಮ್ಮ ಆಫೀಸೂ ಒಪ್ಪುವುದಿಲ್ಲ, ಇನ್ಶೂರೆನ್ಸ್ ಕಂಪನಿಯೂ ಒಪ್ಪುವುದಿಲ್ಲ. 'ಎಲ್ಲೋ ಕಳೆದುಕೊಂಡೆ' ಎಂದು ನೀವೇ ಬರೆದುಕೊಟ್ಟ ಹಾಗಾಗುತ್ತದೆ. ಠಾಣೆಗೆ ಹೋಗಿ ಕಳವಿನ ದೂರು ಕೊಡಿ, ಎಫ್‌ಐಆರ್ ಆಗಬೇಕು. ಭಾರತೀಯ ನ್ಯಾಯ ಸಂಹಿತೆಯ ಕಲಂ 303ರ ಕಳ್ಳತನದಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಾದರೆ ಮಾತ್ರ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸುವ ಬಾಧ್ಯತೆ ಇರುವುದಿಲ್ಲ. ಲ್ಯಾಪ್‌ಟಾಪ್ ಆ ಮಿತಿಯನ್ನು ಎಷ್ಟೋ ಪಟ್ಟು ದಾಟುತ್ತದೆ. 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದರೆ ಝೀರೋ ಎಫ್‌ಐಆರ್ ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಘಟನೆ ಎಲ್ಲೇ ನಡೆದಿರಲಿ ಮಾಹಿತಿ ದಾಖಲಿಸಿಕೊಳ್ಳಬೇಕು, ದೂರುದಾರರಿಗೆ ಒಂದು ಪ್ರತಿಯನ್ನು ಉಚಿತವಾಗಿ ಕೊಡಬೇಕು.

ದೂರಿನಲ್ಲಿ 'ಲ್ಯಾಪ್‌ಟಾಪ್ ಬ್ಯಾಗ್' ಎಂದಷ್ಟೇ ಬರೆದು ಸುಮ್ಮನಾಗಬೇಡಿ. ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಆಫೀಸಿನ ಐಟಿ ವಿಭಾಗದಲ್ಲಿ ಸಿಗುತ್ತದೆ, ಅದನ್ನು ಬರೆಯಿರಿ. ಒಡೆದ ಗ್ಲಾಸ್ ಯಾವ ಬಾಗಿಲಿನದು ಎಂಬುದೂ ದೂರಿನಲ್ಲೇ ಇರಲಿ, ಮುಂದೆ ಕ್ಲೇಮ್ ಮಾಡುವ ಪ್ರಸಂಗ ಬಂದರೆ ಅದೇ ಆಧಾರ. ಬ್ಯಾಗಿನಲ್ಲಿ ಫೋನ್ ಇದ್ದಿದ್ದರೆ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ (ಫೋನಿನ ಗುರುತು ಸಂಖ್ಯೆ) ಬ್ಲಾಕ್ ಮಾಡಿಸಬಹುದು. ಲ್ಯಾಪ್‌ಟಾಪ್‌ಗೆ ಆ ಸೌಲಭ್ಯವಿಲ್ಲ, ಐಟಿಯವರಿಂದಲೇ ಖಾತೆಗಳನ್ನು ಮುಚ್ಚಿಸಬೇಕು. ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ: ಅದೇ ಬ್ಯಾಗಿನಲ್ಲಿ ಮನೆ ಕೀ ಮತ್ತು ವಿಳಾಸವಿರುವ ಯಾವುದಾದರೂ ಕಾಗದ, ಆರ್‌ಸಿ ಕಾರ್ಡೋ ಕೊರಿಯರ್ ಕವರೋ, ಎರಡೂ ಇದ್ದವೇ? ಇದ್ದರೆ ಗ್ಲಾಸಿಗಿಂತ ಮೊದಲು ಮನೆ ಬೀಗ ಬದಲಿಸಿ. ಕಾರಿನ ಸ್ಪೇರ್ ಕೀ ಇದ್ದಿದ್ದರೆ ಸರ್ವೀಸ್ ಸೆಂಟರಿನಲ್ಲಿ ಆ ಕೀಯನ್ನು ಇಮ್ಮೊಬಿಲೈಸರ್ (ಬೇರೆ ಕೀಗೆ ಇಂಜಿನ್ ಶುರುವಾಗದಂತೆ ತಡೆಯುವ ವ್ಯವಸ್ಥೆ) ನೆನಪಿನಿಂದ ಅಳಿಸಬೇಕು.

ಕ್ಲೇಮ್ ಮಾಡಬೇಕೇ?

ನಿಮ್ಮ ಕಾರಿನ ವರ್ಗಕ್ಕೆ ಬಾಗಿಲಿನ ಒಂದು ಗ್ಲಾಸ್ ಸುಮಾರು 1,500ರಿಂದ 3,000 ರೂಪಾಯಿ. ಲೆಕ್ಕಕ್ಕೆ ಗ್ಲಾಸ್ 2,200, ಹೊರಗಿನ ಬೀಡಿಂಗ್ (ಕಿಟಕಿಯಂಚಿನ ರಬ್ಬರ್ ಪಟ್ಟಿ) 500, ಮಜೂರಿ 800, ಒಟ್ಟು 3,500 ಎಂದಿಟ್ಟುಕೊಳ್ಳೋಣ. ಗಾಜಿಗೆ ಸವಕಳಿ ಕಡಿತವಿಲ್ಲ, ರಬ್ಬರು ಪ್ಲಾಸ್ಟಿಕ್ಕಿಗೆ ಅರ್ಧ ಕಡಿತ. ಅದರ ಮೇಲೆ 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೂ 1,000 ರೂಪಾಯಿ ನೀವೇ ಭರಿಸಬೇಕು. ಕೈಗೆ ಬರುವುದು 2,250ರ ಆಸುಪಾಸು.

ಹೋಗುವುದೆಷ್ಟು? ಬೋನಸ್ ಕಳೆಯುವ ಮುನ್ನ ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ (ಸ್ವಂತ ಕಾರಿನ ಹಾನಿಗೆ ಕಟ್ಟುವ ಭಾಗ) 8,000 ಇದೆಯೆಂದುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ನಿಮ್ಮ ಬೋನಸ್ 50 ಪರ್ಸೆಂಟಿಗೆ ಏರುತ್ತದೆ, ಅಂದರೆ 4,000 ಉಳಿತಾಯ. ಕ್ಲೇಮ್ ಮಾಡಿದರೆ ಸೊನ್ನೆ. ಅದರಾಚೆಯ ವರ್ಷ 50ರ ಎದುರು 20, ಆಮೇಲೆ 25, ಆಮೇಲೆ 35, ಆಮೇಲೆ 45. ವ್ಯತ್ಯಾಸ ಕೂಡಿಸಿದರೆ 4,000, 2,400, 2,000, 1,200, 400, ಒಟ್ಟು 10,000. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಈ ಮೊತ್ತವೂ ಸ್ವಲ್ಪ ತಗ್ಗುತ್ತದೆ, ಆದರೂ 2,250ರ ಹತ್ತಿರಕ್ಕೂ ಬರುವುದಿಲ್ಲ. ಏಜೆಂಟರ ಸಲಹೆ ಇಲ್ಲಿ ನಿಮಗೆ ನಷ್ಟ.

ಎರಡು ಸಂದರ್ಭಗಳಲ್ಲಿ ಮಾತ್ರ ಮಾತು ಬೇರೆ. ನಿಮ್ಮ ಪಾಲಿಸಿಯಲ್ಲಿ 'ಎನ್‌ಸಿಬಿ ಪ್ರೊಟೆಕ್ಟ್' ಆ್ಯಡ್-ಆನ್ ಇದ್ದು, ಅದರ ಷರತ್ತಿನಲ್ಲಿ ಗಾಜಿನ ಕ್ಲೇಮಿನಿಂದ ಬೋನಸ್ ಹೋಗುವುದಿಲ್ಲವೆಂದು ಬರೆದಿದ್ದರೆ ಧಾರಾಳವಾಗಿ ಮಾಡಿ. ಇಲ್ಲವೇ ಕಳ್ಳರು ಸ್ಟೀರಿಯೊ ಕಿತ್ತು, ಬಾಗಿಲಿನ ತಗಡು ಬಗ್ಗಿಸಿ ಬಿಲ್ಲು ಇಪ್ಪತ್ತು ಸಾವಿರ ದಾಟಿದ್ದರೆ ಮಾಡಬಹುದು. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇರುವವರಿಗೆ ಈ ಪ್ರಶ್ನೆಯೇ ಇಲ್ಲ. ಲ್ಯಾಪ್‌ಟಾಪಿನ ಬೆಲೆ ಕಾರಿನ ಮೂಲ ಪಾಲಿಸಿಯಲ್ಲಿ ಸಿಗುವುದಿಲ್ಲ, ಅದು ವಾಹನದ ಭಾಗವಲ್ಲ. ವೈಯಕ್ತಿಕ ವಸ್ತುಗಳ ಆ್ಯಡ್-ಆನ್ ಇದ್ದರೂ ಅದರಲ್ಲಿ ಲ್ಯಾಪ್‌ಟಾಪ್ ಸೇರಿದೆಯೇ ಎಂದು ಓದಿ ನೋಡಬೇಕು. ಕ್ಲೇಮ್ ಮಾಡುವುದಾದರೆ ಸರ್ವೇಯರ್ ನೋಡುವ ಮೊದಲು ಗ್ಲಾಸ್ ಬದಲಿಸಬೇಡಿ.

9,500ರಲ್ಲಿ ಏನೇನಿದೆ

ಗ್ಲಾಸ್ ಬೇಕೇ ಬೇಕು. ಟಫನ್ಡ್ ಗಾಜನ್ನು ಮುಂದಿನ ಗ್ಲಾಸಿನ ಬಿರುಕು ತುಂಬಿಸಿದ ಹಾಗೆ ರಿಪೇರಿ ಮಾಡುವುದಕ್ಕೆ ಆಗುವುದಿಲ್ಲ.

ಗ್ಲಾಸ್ ಮಷೀನ್ ಬೇಕೋ ಬೇಡವೋ ಎಂಬುದು ಡೋರ್ ಪ್ಯಾಡ್ ಬಿಚ್ಚಿ ನೋಡದೆ ಯಾರಿಗೂ ಗೊತ್ತಾಗುವ ಸಂಗತಿಯಲ್ಲ. ಬಿಚ್ಚದೆಯೇ 'ಮಷೀನ್ ಹೋಗಿದೆ' ಎಂದವರ ಮಾತು ಊಹೆ ಅಷ್ಟೆ. ಕವಣೆಯ ಗುಂಡು ಗಾಜಿಗೆ ತಾಗುತ್ತದೆ, ಮಷೀನ್ ಇರುವುದು ಕೆಳಗೆ ಬಾಗಿಲಿನ ಹೊಟ್ಟೆಯಲ್ಲಿ. ಅದು ಕೆಡುವುದು ಮೇಲೆ ಹೇಳಿದಂತೆ ಒಡೆದ ಮೇಲೆ ಸ್ವಿಚ್ ಒತ್ತಿದಾಗ, ಅಥವಾ ಕಳ್ಳ ಅರ್ಧ ಇಳಿದಿದ್ದ ಗ್ಲಾಸನ್ನು ಕೈಯಿಂದ ಅದುಮಿದಾಗ. ಪರೀಕ್ಷೆ ಹೀಗೆ: ಚೂರನ್ನೆಲ್ಲ ತೆಗೆದ ಮೇಲೆ, ಹೊಸ ಗ್ಲಾಸ್ ಹಾಕುವ ಮೊದಲು, ಖಾಲಿ ಮಷೀನನ್ನು ನಿಮ್ಮೆದುರೇ ಮೇಲೆ ಕೆಳಗೆ ಓಡಿಸಲಿ. ಒಂದೇ ಸಮನೆ ಸದ್ದು ಮಾಡುತ್ತ ಓಡಿದರೆ ಅದು ಸರಿಯಿದೆ. ಕಟಕಟ ಎಂದು ಹಾರಿದರೆ, ಕೇಬಲ್ಲಿನ ಎಳೆ ಬಿಚ್ಚಿದ್ದರೆ, ಗ್ಲಾಸ್ ಹಿಡಿಯುವ ಪಟ್ಟಿ ಬಾಗಿದ್ದರೆ ಬದಲಿಸಬೇಕು.

ಡೋರ್ ಪ್ಯಾಡ್ ಬೇಡ. ಅದರ ಕ್ಲಿಪ್ಪುಗಳು ಬೇಕು. ಒಂದು ಬಾಗಿಲಿಗೆ ಎಂಟು ಹತ್ತು ಕ್ಲಿಪ್ಪಿರುತ್ತವೆ, ಹಳೆಯ ಕಾರಿನಲ್ಲಿ ಬಿಚ್ಚುವಾಗ ಎರಡು ಮೂರು ಮುರಿಯುವುದು ಮಾಮೂಲು. ಒಂದಕ್ಕೆ ಹತ್ತಿಪ್ಪತ್ತು ರೂಪಾಯಿ, ಮೊದಲೇ ತರಿಸಿಟ್ಟಿರಲಿ. ಮುರಿದ ಕ್ಲಿಪ್ಪಿನ ಜಾಗಕ್ಕೆ ಸ್ಕ್ರೂ ಹೊಡೆಯಲು ಬಿಡಬೇಡಿ.

ಗ್ಯಾರೇಜಿನವರು ಹೇಳದೆ ಬಿಟ್ಟದ್ದು ಹೊರಗಿನ ಬೀಡಿಂಗ್, ಗ್ಲಾಸ್ ಬಾಗಿಲೊಳಗೆ ಇಳಿಯುವ ಬಾಯಿಯಲ್ಲಿರುವ ಕಪ್ಪು ರಬ್ಬರ್ ಪಟ್ಟಿ. ಅದರ ಒಳಮೈಗೆ ಮಖಮಲ್ಲಿನಂಥ ಪದರವಿರುತ್ತದೆ. ಪುಡಿಗಾಜು ಅದರಲ್ಲಿ ನಾಟಿಕೊಂಡರೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ, ಹೊಸ ಗ್ಲಾಸ್ ಪ್ರತಿ ಸಲ ಇಳಿದೇರುವಾಗಲೂ ಉದ್ದುದ್ದಕ್ಕೆ ಗೀರುತ್ತದೆ. ಬೆರಳಿಗೆ ದಪ್ಪ ಬಟ್ಟೆ ಸುತ್ತಿ ಪಟ್ಟಿಯ ಉದ್ದಕ್ಕೂ ಸವರಿ ನೋಡಿ, ಬಟ್ಟೆ ಎಲ್ಲಾದರೂ ತೊಡರಿದರೆ ಪಟ್ಟಿ ಬದಲಿಸಿ. ಐನೂರು ರೂಪಾಯಿ ಉಳಿಸಲು ಹೋಗಿ ಎರಡು ಸಾವಿರದ ಗ್ಲಾಸ್ ಹಾಳುಮಾಡಿಕೊಂಡ ಕಾರುಗಳಿಗೆ ಲೆಕ್ಕವಿಲ್ಲ.

ಗ್ಲಾಸ್ ಎಲ್ಲಿ ಕೊಳ್ಳಬೇಕು

ಕಂಪನಿ ಸರ್ವೀಸ್ ಸೆಂಟರಿನಲ್ಲಿ ಚಾಸಿಸ್ ನಂಬರ್ ಹಾಕಿ ಸರಿಯಾದ ಭಾಗವನ್ನೇ ತರಿಸುತ್ತಾರೆ. ಬೆಲೆ ಜಾಸ್ತಿ, ಸ್ಟಾಕ್ ಇಲ್ಲದಿದ್ದರೆ ಕೆಲವು ದಿನ ಕಾಯಬೇಕು. ಜೆ.ಸಿ. ರಸ್ತೆಯ ಆಟೊ ಗ್ಲಾಸ್ ಅಂಗಡಿಗಳಲ್ಲಿ ಅವತ್ತೇ ಕೆಲಸ ಮುಗಿಯುತ್ತದೆ, ಬೆಲೆಯೂ ಕಡಿಮೆ. ಆದರೆ ಗಾಜಿನ ಮೂಲೆಯಲ್ಲಿರುವ ಮುದ್ರೆಯನ್ನು ನೀವೇ ಓದಬೇಕು. ಐಎಸ್‌ಐ ಗುರುತು, ಐಎಸ್ 2553 ಎಂಬ ಸಂಖ್ಯೆ, ಟಫನ್ಡ್ ಅಥವಾ ಟೆಂಪರ್ಡ್ ಎಂಬ ಪದ, ತಯಾರಕರ ಹೆಸರು ಇರಬೇಕು. ಭಾರತದ ಬಹುತೇಕ ಕಾರುಗಳಿಗೆ ಕಾರ್ಖಾನೆಯಲ್ಲೇ ಸೇಂಟ್-ಗೋಬೇನ್ ಸೆಕ್ಯುರಿಟ್ ಅಥವಾ ಎಐಎಸ್ ಗಾಜು ಬರುತ್ತದೆ. ಆ ಕಂಪನಿಗಳ ಗಾಜು ಕಾರು ಕಂಪನಿಯ ಲೋಗೊ ಇಲ್ಲದೆ ಹೊರಗೆ ಸಿಕ್ಕರೆ ಅನುಮಾನಪಡಬೇಕಿಲ್ಲ. ಮುದ್ರೆಯೇ ಇಲ್ಲದ ಗಾಜನ್ನು ಮಾತ್ರ ಮುಟ್ಟಬೇಡಿ.

ಬಣ್ಣ ನೋಡುವುದನ್ನು ಮರೆಯಬೇಡಿ. ಕೆಲವು ಮಾಡೆಲ್‌ಗಳಲ್ಲಿ ಬೇಸ್ ವೇರಿಯಂಟಿಗೆ ಒಂದು ಛಾಯೆ, ಟಾಪ್ ವೇರಿಯಂಟಿಗೆ ಇನ್ನೊಂದು. ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಹೊಸ ಗ್ಲಾಸನ್ನು ಬಿಸಿಲಿಗೆ ತಂದು, ಹಿಂದೆ ಬಿಳಿ ಕಾಗದ ಹಿಡಿದು ಬಲಬಾಗಿಲಿನ ಗ್ಲಾಸಿನ ಜೊತೆ ಹೋಲಿಸಿ.

ಶಿವಾಜಿನಗರದ ಗುಜರಿಯಿಂದ ಹಳೆಯ ಗ್ಲಾಸ್ ತರುವುದು ಕೆಟ್ಟ ಯೋಚನೆಯೇನಲ್ಲ. ಟಫನ್ಡ್ ಗಾಜು ವಯಸ್ಸಿನಿಂದ ದುರ್ಬಲವಾಗುವುದಿಲ್ಲ. ಅಂಚನ್ನು ಮಾತ್ರ ಸುತ್ತಲೂ ಬೆರಳಿನಿಂದ ಮುಟ್ಟಿ ನೋಡಬೇಕು. ಅಕ್ಕಿಕಾಳಿನಷ್ಟು ಅಂಚು ಚಕ್ಕೆ ಎದ್ದಿದ್ದರೂ ಬೇಡ, ಮಧ್ಯಾಹ್ನದ ಬಿಸಿಲಲ್ಲಿ ನಿಂತಾಗಲೋ ಬಾಗಿಲು ಜೋರಾಗಿ ಹಾಕಿದಾಗಲೋ ತಾನಾಗಿ ಸಿಡಿಯಬಹುದು. ನಿಮ್ಮ ಕಾರಿನಂಥ ಮಾರಾಟ ಹೆಚ್ಚಿರುವ ವರ್ಗಕ್ಕೆ ಹೊಸದೇ ಅಗ್ಗವಾಗಿ ಸಿಗುವುದರಿಂದ ಗುಜರಿ ಸುತ್ತುವ ಶ್ರಮ ಸಾರ್ಥಕವಲ್ಲ. ತಯಾರಿಕೆ ನಿಂತುಹೋದ ಮಾಡೆಲ್ ಇರುವವರಿಗೆ ಅದು ಬೇಕಾಗುತ್ತದೆ.

ಹಿಂಬದಿಯ ಚಿಕ್ಕ ತ್ರಿಕೋನ ಗ್ಲಾಸ್ ಒಡೆದಿದ್ದರೆ ಅಗ್ಗದಲ್ಲಿ ಮುಗಿಯುತ್ತಿತ್ತು ಎಂದು ಹಲವರು ತಿಳಿದಿರುತ್ತಾರೆ. ಅದು ತಲೆಕೆಳಗಾದ ಲೆಕ್ಕ. ರಬ್ಬರ್ ಅಚ್ಚಿನೊಂದಿಗೇ ಎರಕವಾಗಿ ಬರುವ ಆ ಪುಟ್ಟ ಗಾಜು ಹಲವು ಕಾರುಗಳಲ್ಲಿ ದೊಡ್ಡದಕ್ಕಿಂತ ದುಬಾರಿ.

ಪಾಲಿಕಾರ್ಬೊನೇಟ್, ಫಿಲ್ಮ್, ಲ್ಯಾಮಿನೇಟೆಡ್

ನಿಮ್ಮ ಭಾವನವರ ಕಾಳಜಿ ಅರ್ಥವಾಗುತ್ತದೆ. ಆದರೆ ಅಂಗಡಿಯಲ್ಲಿ ಕತ್ತರಿಸಿ ಕೊಡುವ ಪಾಲಿಕಾರ್ಬೊನೇಟ್ ಶೀಟ್ ವಾಹನದ ಗಾಜಿನ ಮಾನದಂಡಕ್ಕೆ ಒಳಪಟ್ಟದ್ದಲ್ಲ. ಇಳಿಸಿ ಏರಿಸಿದರೆ ಕೆಲವೇ ವಾರಗಳಲ್ಲಿ ಗೀರಿ ಮಸುಕಾಗುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಬಾಗಿಲು ಜಾಮ್ ಆದ ಕಾರಿನಿಂದ ಮಗುವನ್ನು ಎತ್ತಿಕೊಳ್ಳಬೇಕಾದವರು ಆ ಕಿಟಕಿಯನ್ನು ಒಡೆಯಲಾರರು. ಕಳ್ಳನಿಗೆ ಒಡೆಯದ್ದು ನೆರವಿಗೆ ಬಂದವರಿಗೂ ಒಡೆಯುವುದಿಲ್ಲ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಬಾಗಿಲು ಗ್ಲಾಸ್ ಕೆಲವು ದುಬಾರಿ ಕಾರುಗಳಲ್ಲಿ ಬರುತ್ತದೆ. ನಿಮ್ಮ ಬಾಗಿಲಿನ ಚಾನೆಲ್ಲಿಗೆ ಅದು ಮಾಡಿದ್ದಲ್ಲ, ಹೊರಗೆ ಹೇಳಿ ಮಾಡಿಸುವ ಹುಚ್ಚಿಗೆ ಬೀಳಬೇಡಿ.

ಪಾರದರ್ಶಕ ಸೇಫ್ಟಿ ಫಿಲ್ಮ್ ಬೇರೆ ಮಾತು. ಗಾಜು ಒಡೆದರೂ ಚೂರುಗಳನ್ನು ಅದು ಹಿಡಿದಿಡುತ್ತದೆ, ಕಳ್ಳ ಇನ್ನೆರಡು ಮೂರು ಸಲ ಗುದ್ದಬೇಕಾಗುತ್ತದೆ. ಇದರಿಂದ ಸಿಗುವುದು ಕೆಲವು ಸೆಕೆಂಡ್, ಅಷ್ಟೆ. ಕಾನೂನು ನೋಡಿಕೊಳ್ಳಿ: ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ ಹಿಂದಿನ ಗ್ಲಾಸಿನಲ್ಲಿ ಕನಿಷ್ಠ 70, ಬದಿಯ ಗ್ಲಾಸಿನಲ್ಲಿ ಕನಿಷ್ಠ 50 ಪರ್ಸೆಂಟ್ ಬೆಳಕು ಹಾಯಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಮೇಲಿಂದ ಅಂಟಿಸುವ ಫಿಲ್ಮನ್ನೇ ನಿಷೇಧಿಸಿತ್ತು. ಆಮೇಲೆ ನಿಯಮಕ್ಕೆ ಸೇಫ್ಟಿ ಗ್ಲೇಜಿಂಗ್ (ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಗಾಜು) ಎಂಬ ಮಾತು ಸೇರಿತು. ಅದರ ಆಧಾರದ ಮೇಲೆ 2024ರಲ್ಲಿ ಕೇರಳ ಹೈಕೋರ್ಟ್, ಮಿತಿಯೊಳಗಿನ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದಿತು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತು ಆ ತೀರ್ಪನ್ನು ವಿವರಿಸುವ ತಾಳ್ಮೆ ನಿಮಗಿದ್ದರೆ, ಬೆಳಕಿನ ಪ್ರಮಾಣ ನಮೂದಿಸಿದ ಬಿಲ್ಲಿನ ಸಮೇತ ಹಾಕಿಸಿ. ನಾನಾದರೆ ಆ ದುಡ್ಡು ಖರ್ಚು ಮಾಡುವುದಿಲ್ಲ. ಲ್ಯಾಪ್‌ಟಾಪ್ ಬ್ಯಾಗನ್ನು ಕಾರು ಹೊರಡುವ ಮೊದಲೇ, ಮನೆಯಲ್ಲೋ ಆಫೀಸಿನಲ್ಲೋ, ಡಿಕ್ಕಿಗೆ ಹಾಕುವುದು ಅದಕ್ಕಿಂತ ಪರಿಣಾಮಕಾರಿ. ಪಾರ್ಕಿಂಗ್ ಜಾಗಕ್ಕೆ ಬಂದ ಮೇಲೆ ಡಿಕ್ಕಿ ತೆರೆದು ಇಟ್ಟರೆ ನೋಡುತ್ತಿರುವವನಿಗೆ ನೀವೇ ತೋರಿಸಿಕೊಟ್ಟ ಹಾಗೆ.

ಬಾಗಿಲೊಳಗಿನ ಕೆಲಸ

ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ನೋಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹಿಡಿಕೆಯ ಕುಳಿಯಲ್ಲೂ ಬಾಗಿಲು ತೆರೆಯುವ ಲಿವರಿನ ಹಿಂದೆಯೂ ಅಡಗಿರುವ ಸ್ಕ್ರೂ ತೆಗೆದು, ಪ್ಯಾಡನ್ನು ಕೆಳಗಿನಿಂದ ಎಬ್ಬಿಸಬೇಕು. ಅದರ ಹಿಂದೆ ಕಪ್ಪು ಅಂಟಿನಿಂದ ಕೂತ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅವಸರದಲ್ಲಿ ಇದನ್ನು ಹರಿಯುತ್ತಾರೆ, ಬಿಸಾಡುವವರೂ ಇದ್ದಾರೆ. ಮಳೆ ಬಂದಾಗ ಗ್ಲಾಸಿನ ಮೇಲಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ. ಆ ನೀರು ಪ್ಯಾಡಿಗೂ ಕಾಲಡಿಯ ಕಾರ್ಪೆಟ್ಟಿಗೂ ಬರದಂತೆ ತಡೆಯುವುದು ಈ ಹಾಳೆಯೇ. ನಿಧಾನಕ್ಕೆ, ಅಂಟು ಗಟ್ಟಿಯಾಗಿದ್ದರೆ ಬಿಸಿಗಾಳಿ ಹಿಡಿದು ಬಿಡಿಸಬೇಕು, ಆಮೇಲೆ ಅದನ್ನೇ ಪೂರ್ತಿ ಅಂಟಿಸಬೇಕು. ಹರಿದಿದ್ದರೆ ದಪ್ಪ ಪಾಲಿಥಿನ್ ಹಾಳೆ ಕತ್ತರಿಸಿ ಬ್ಯೂಟೈಲ್ ಟೇಪಿನಿಂದ ಕೂರಿಸಲಿ. ಕೆಲವು ಕಾರುಗಳ ಮುಂಬಾಗಿಲಲ್ಲಿ ಸೈಡ್ ಏರ್‌ಬ್ಯಾಗಿನ ಒತ್ತಡ ಸೆನ್ಸರ್ ಇರುತ್ತದೆ. ಬಾಗಿಲಿನ ಹೊಟ್ಟೆ ಈ ಹಾಳೆಯಿಂದ ಸರಿಯಾಗಿ ಮುಚ್ಚಿದ್ದರೇ ಅದು ಸರಿಯಾಗಿ ಅಳೆಯುವುದು.

ಈಗ ಚೂರು. ವ್ಯಾಕ್ಯೂಮ್ ಪೈಪನ್ನು ಬಾಗಿಲಿನ ತಳದವರೆಗೆ ಇಳಿಸಬೇಕು. ಗ್ಲಾಸ್ ಹಿಡಿಯುವ ಪಟ್ಟಿಯಲ್ಲಿ ಹಳೆಯ ಗಾಜಿನ ತುಂಡು ಕಚ್ಚಿಕೊಂಡಿರುತ್ತದೆ, ಅದನ್ನು ಪೂರ್ತಿ ಬಿಡಿಸಬೇಕು. ಗ್ಲಾಸ್ ಓಡಾಡುವ ರಬ್ಬರ್ ಚಾನೆಲ್ಲನ್ನು ಹೊರಗೆಳೆದು ಒದರಬೇಕು. ತಳದ ಅಂಚಿನಲ್ಲಿ ನೀರು ಹೋಗುವ ಎರಡು ಮೂರು ಸೀಳುಗಳಿವೆ, ಚೂರು ಹೋಗಿ ಕೂರುವುದು ಸರಿಯಾಗಿ ಅಲ್ಲಿಗೇ. ಕೇಬಲ್ ಟೈ ತೂರಿಸಿ ಒಂದೊಂದನ್ನೂ ತೆರವು ಮಾಡಿ. ಅವು ಮುಚ್ಚಿಕೊಂಡರೆ ಬಾಗಿಲು ನೀರಿನ ತೊಟ್ಟಿಯಾಗುತ್ತದೆ, ಮಡಿಕೆ ಹಾಕಿದ ತಗಡಿನ ಒಳಗಿನಿಂದ ತುಕ್ಕು ಶುರುವಾಗಿ ಹೊರಗೆ ಬಣ್ಣ ಗುಳ್ಳೆ ಎದ್ದಾಗಲೇ ಗೊತ್ತಾಗುವುದು. ಕೊನೆಗೆ ಬಾಗಿಲನ್ನು ನಾಲ್ಕೈದು ಸಲ ಜೋರಾಗಿ ಹಾಕಿ ತೆಗೆದು ಮತ್ತೆ ವ್ಯಾಕ್ಯೂಮ್ ಮಾಡಲಿ. ಆಗ ಇನ್ನೊಂದು ಹಿಡಿ ಚೂರು ಬರದಿದ್ದರೆ ಆಶ್ಚರ್ಯ.

ಹಿಂಬಾಗಿಲಲ್ಲಿ ಓಡಾಡುವ ಗ್ಲಾಸಿಗೂ ಪಕ್ಕದ ಸ್ಥಿರ ಗ್ಲಾಸಿಗೂ ನಡುವೆ ಒಂದು ನೆಟ್ಟಗಿನ ಕಂಬಿ ಇದ್ದರೆ ಅದನ್ನು ಸಡಿಲಿಸಿ ಗ್ಲಾಸನ್ನು ಓರೆ ಮಾಡಿ ಇಳಿಸಬೇಕಾಗುತ್ತದೆ. ಬಗ್ಗಿಸಿ ತುರುಕಿದರೆ ಹೊಸದೂ ಪುಡಿ. ಬೋಲ್ಟಿನಿಂದ ಹಿಡಿಯುವ ಗ್ಲಾಸಾದರೆ ಲೋಹ ಗಾಜಿಗೆ ತಾಗದಂತೆ ಪ್ಲಾಸ್ಟಿಕ್ ಬುಷ್ ಇರಬೇಕು, ಬಿಗಿಯುವುದು ಕೈ ಸ್ಪ್ಯಾನರಿನಲ್ಲಿ, ಬೋಲ್ಟ್ ಬಿಗಿಯುವ ಗನ್ ಯಂತ್ರದಲ್ಲಲ್ಲ. ಹಾಕಿದ ಎರಡು ಮೂರು ದಿನಕ್ಕೆ 'ತಾನಾಗಿ ಒಡೆಯಿತು' ಎನ್ನುವ ಗ್ಲಾಸುಗಳು ಹೆಚ್ಚಾಗಿ ಅತಿಯಾಗಿ ಬಿಗಿದವು, ಇಲ್ಲವೇ ಅಂಚು ತಾಗಿಸಿಕೊಂಡವು. ಚಾನೆಲ್ಲಿಗೆ ಸಿಲಿಕೋನ್ ಸ್ಪ್ರೇ ಸಾಕು. ಇಂಜಿನ್ ಆಯಿಲ್, ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ, ಧೂಳು ಅಂಟಿ ಗ್ಲಾಸ್ ಭಾರವಾಗಿ ಏರುತ್ತದೆ.

ಪ್ಯಾಡ್ ಹಾಕುವ ಮೊದಲು ಎರಡು ಪರೀಕ್ಷೆ. ಗ್ಲಾಸನ್ನು ಐದು ಸಲ ಪೂರ್ತಿ ಏರಿಸಿ ಇಳಿಸಿ, ಓರೆಯಾಗದೆ ಮೇಲಿನ ರಬ್ಬರಿನಲ್ಲಿ ಸಮನಾಗಿ ಕೂರಬೇಕು. ಕೂರದಿದ್ದರೆ ಹೈವೇಯಲ್ಲಿ ಶಿಳ್ಳೆ ಹೊಡೆಯುತ್ತದೆ. ಆಮೇಲೆ ಒಂದು ಚೊಂಬು ನೀರನ್ನು ಹೊರಗಿನಿಂದ ಗ್ಲಾಸಿನ ಮೇಲೆ ಸುರಿದು, ಅದು ಬಾಗಿಲಿನ ತಳದ ಸೀಳಿನಿಂದ ಹೊರಬರುತ್ತದೆಯೇ ನೋಡಿ. ಒಂದೇ ಒತ್ತಿಗೆ ಪೂರ್ತಿ ಏರುವ ಆಟೊ ಕಿಟಕಿಯಾದರೆ, ಬ್ಯಾಟರಿ ಬಿಚ್ಚಿದ್ದರಿಂದ ಅದರ ನೆನಪು ಅಳಿದಿರಬಹುದು. ಗ್ಲಾಸ್ ಮೇಲೆ ಮುಟ್ಟಿದ ಮೇಲೂ ಸ್ವಿಚ್ಚನ್ನು ಕೆಲವು ಸೆಕೆಂಡ್ ಎತ್ತಿ ಹಿಡಿದರೆ ಹೆಚ್ಚಿನ ಕಾರುಗಳಲ್ಲಿ ಸರಿಹೋಗುತ್ತದೆ, ನಿಖರ ವಿಧಾನ ಓನರ್ ಮ್ಯಾನುಯಲ್‌ನಲ್ಲಿದೆ.

ಮಗಳ ಸೀಟು

ಇಲ್ಲಿ ಎರಡು ಸಲ ವ್ಯಾಕ್ಯೂಮ್ ಮಾಡಿದ್ದು ಸಾಲದಿರುವುದಕ್ಕೆ ಕಾರಣ, ಚೂರು ಬರುತ್ತಿರುವುದು ಸೀಟಿನ ಮೇಲಿನಿಂದಲ್ಲ. ಸೀಟಿನ ತಳ ಮತ್ತು ಬೆನ್ನಿನ ಸಂದಿ, ಸೀಟ್ ಬೆಲ್ಟಿನ ಬಕಲ್, ಬಾಗಿಲಿನ ಪಾಕೆಟ್, ಸ್ಪೀಕರ್ ಜಾಲರಿ, ಇವು ಉಗ್ರಾಣಗಳು. ಹಿಂದಿನ ಸೀಟಿನ ತಳ ಬಿಚ್ಚಿ ಎತ್ತಿಸಿ ಅದರಡಿ ಸ್ವಚ್ಛ ಮಾಡಿಸಿ. ಬೆಲ್ಟನ್ನು ಕೊನೆಯವರೆಗೆ ಎಳೆದು ಎರಡೂ ಮೈ ವ್ಯಾಕ್ಯೂಮ್ ಮಾಡಿ, ಸರಾಗವಾಗಿ ವಾಪಸ್ ಸುತ್ತಿಕೊಳ್ಳುತ್ತದೆಯೇ ನೋಡಿ. ಬಕಲ್ಲಿನ ಬಾಯಿ ಕೆಳಮುಖವಾಗಿರುವಂತೆ ತಟ್ಟಿ, ಹತ್ತು ಸಲ ಹಾಕಿ ತೆಗೆಯಿರಿ. ಒಮ್ಮೆ ತೊಡರಿದರೂ ಬಕಲ್ ಬದಲಿಸಬೇಕು, ಅಲ್ಲಿ ರಾಜಿ ಬೇಡ.

ಕಣ್ಣಿಗೆ ಕಾಣದ ಪುಡಿಗೆ ಚಪಾತಿ ಹಿಟ್ಟಿನ ಉಂಡೆಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಗಟ್ಟಿಯಾಗಿ ಕಲಸಿ, ಕೈಗವಸು ಹಾಕಿಕೊಂಡು ಬಟ್ಟೆಯ ಮೇಲೆ ಒತ್ತಿ ಒತ್ತಿ ತೆಗೆಯಿರಿ, ಆಮೇಲೆ ಕಾಗದದಲ್ಲಿ ಸುತ್ತಿ ಬಿಸಾಡಿ. ದನ ನಾಯಿ ಬಾಯಿ ಹಾಕುವ ಕಡೆ ಎಸೆಯಬೇಡಿ. ಒದ್ದೆ ಬಟ್ಟೆಯಿಂದ ಡ್ಯಾಶ್‌ಬೋರ್ಡೋ ಇತರ ಗ್ಲಾಸೋ ಒರೆಸಲು ಹೋಗಬೇಡಿ, ಬಟ್ಟೆಗೆ ಅಂಟಿದ ಪುಡಿ ಮರಳುಕಾಗದದ ಕೆಲಸ ಮಾಡುತ್ತದೆ.

ಮಗಳಿಗೆ ಚೈಲ್ಡ್ ಸೀಟ್ ಇದ್ದು ಗ್ಲಾಸ್ ಒಡೆದಾಗ ಅದು ಅಲ್ಲೇ ಇದ್ದರೆ, ಕವರ್ ಬಿಚ್ಚಿ ಹೊರಗೆ ಒದರಿ ಒಗೆಯಿರಿ. ಒಳಗಿನ ಥರ್ಮೋಕೋಲ್ ಭಾಗದಲ್ಲಿ ಚುಚ್ಚಿಕೊಂಡ ಚೂರನ್ನು ಟಾರ್ಚ್ ಬೆಳಕು ಓರೆಯಾಗಿ ಬಿಟ್ಟು ಹುಡುಕಿ, ಗಾಜು ಮಿಂಚುತ್ತದೆ. ಬೆಲ್ಟುಗಳನ್ನು ಸೋಪಿನ ನೀರಿನಲ್ಲಿ ನೆನೆಸಬೇಡಿ. ಬಕಲ್ ಸರಾಗವಾಗಿಲ್ಲದಿದ್ದರೆ ಆ ಸೀಟನ್ನು ಮತ್ತೆ ಬಳಸಬೇಡಿ. ಇದೆಲ್ಲ ಮುಗಿಯುವವರೆಗೆ ಅವಳು ಬಲಗಡೆ ಕೂರುವುದಲ್ಲ, ಬೇರೆ ಗಾಡಿಯಲ್ಲಿ ಹೋಗುವುದೇ ಸರಿ.

ಗ್ಲಾಸ್ ಸಿಗುವ ತನಕ ಪ್ಲಾಸ್ಟಿಕ್ ಇರಲಿ, ಆದರೆ ಕಂದು ಪ್ಯಾಕಿಂಗ್ ಟೇಪನ್ನು ಬಣ್ಣದ ಮೇಲೆ ನೇರವಾಗಿ ಅಂಟಿಸಿದ್ದರೆ ಇವತ್ತೇ ಕಿತ್ತುಹಾಕಿ. ಬಿಸಿಲಿಗೆ ಅದರ ಅಂಟು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಬಾಗಿಲು ತೆರೆದು, ದಪ್ಪ ಪಾಲಿಥಿನ್ ಹಾಳೆಯನ್ನು ಕಿಟಕಿ ಚೌಕಟ್ಟಿನ ಹೊರಗಿನಿಂದ ಹೊದಿಸಿ ಒಳಕ್ಕೆ ಮಡಚಿ, ಒಳಗಡೆ ಮಾಸ್ಕಿಂಗ್ ಟೇಪ್ ಹಾಕಿ ಬಾಗಿಲು ಮುಚ್ಚಿ. ಬಾಗಿಲಿನ ರಬ್ಬರೇ ಅದನ್ನು ಬಿಗಿಹಿಡಿಯುತ್ತದೆ. ಕೆಳಗಿನ ಅಂಚನ್ನು ಬೀಡಿಂಗಿನ ಸಂದಿಯೊಳಗೆ ತುರುಕಬೇಡಿ, ಹೊರಗೆ ಇಳಿಬಿಟ್ಟು ಅಲ್ಲೂ ಮಾಸ್ಕಿಂಗ್ ಟೇಪನ್ನೇ ಹಾಕಿ; ಮಳೆನೀರು ಬಾಗಿಲೊಳಗೆ ಹೋಗದೆ ಹೊರಗೇ ಜಾರುತ್ತದೆ.